ಸಮತೋಲನ ನಿಯಮದ ದ್ರಷ್ಟಾರ ಲೆ ಶಾಟೆಲಿಯರ್

ಕಡೂರು ಸೀಮೆಯ ಬಯಲಿನಲ್ಲಿ ನಿಂತು ಪಡುವಣ ದಿಕ್ಕಿಗೆ ದೃಷ್ಟಿ ಹಾಯಿಸಿದರೆ ಬಾಬಾಬುಡನ್ ಗಿರಿಶ್ರೇಣಿಯ ನೀಲರೇಖೆ ಕಾಣುತ್ತದೆ. ಆ ಶ್ರೇಣಿಯಲ್ಲಿ, ತರೀಕೆರೆ ತಾಲ್ಲೂಕಿಗೆ ಸೇರಿದ ಕೆಮ್ಮಣ್ಣುಗುಂಡಿಯು ತನ್ನ ನೆಲದ ಬಣ್ಣವನ್ನು ಹೆಸರಿನಲ್ಲಿಯೇ ಧರಿಸಿಕೊಂಡಿದೆ. ಅಲ್ಲಿ ಅಗೆದ ಕಬ್ಬಿಣದ ಅದಿರು ಬೆಟ್ಟವಿಳಿದು ಭದ್ರಾವತಿಯನ್ನು ಸೇರಿ, ಮಲೆನಾಡಿನ ಕಾಡಿನ ಇದ್ದಲಿನೊಡನೆ ಬೆಂದು, ಮೈಸೂರು ಸಂಸ್ಥಾನದ ಕಬ್ಬಿಣವಾಗಿ 1923ರ ಜನವರಿಯಲ್ಲಿ ಮೊದಲ ಬಾರಿಗೆ ಕುಲುಮೆಯಿಂದ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಆ ಕಾರ್ಖಾನೆಯ ಕಥೆಯನ್ನು ಈ ನಾಡಿನ ಹಿರಿಯರೆಲ್ಲ ಬಲ್ಲರು. ಆದರೆ ಅಂತಹ ಊದುಕುಲುಮೆಯ ಒಡಲಿನಲ್ಲಿ ಅದಿರಿಗೂ ಅನಿಲಕ್ಕೂ ನಡೆಯುವ ಕೊಡುಕೊಳೆಯು ಯಾವ ನಿಯಮಕ್ಕೆ ಒಳಪಟ್ಟಿದೆ, ಅದನ್ನು ಯಾವ ಕಡೆಗೆ ಎಷ್ಟು ಬಾಗಿಸಬಹುದು, ಯಾವ ಎಲ್ಲೆಯನ್ನು ಮೀರಿಸಲಾಗದು ಎಂಬುದನ್ನು ಲೋಕಕ್ಕೆ ತಿಳಿಯಹೇಳಿದ ಮಹನೀಯನ ಚರಿತ್ರೆಯನ್ನು ಬಲ್ಲವರು ವಿರಳ. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಆತನ ಹೆಸರನ್ನು ಒಂದು ತತ್ತ್ವದ ತಲೆಬರಹವಾಗಿ ಓದಿ, ಪರೀಕ್ಷೆಯಲ್ಲಿ ಬರೆದು, ಅನಂತರ ಮರೆಯುವುದುಂಟು. ಆ ತಲೆಬರಹದ ಹಿಂದೆ ಗಣಿಯಲ್ಲಿ, ಗಾರೆಯಲ್ಲಿ, ಕುಲುಮೆಯಲ್ಲಿ ಕಳೆದ ಒಂದು ದೀರ್ಘವಾದ ಕಾಯಕಜೀವನವಿದೆ. ಒಂದು ದೊಡ್ಡ ಸೋಲೂ ಇದೆ.

ಆನ್ರಿ ಲೂಯಿ ಲೆ ಶಾಟೆಲಿಯರ್ 1850ನೆಯ ಇಸವಿಯ ಅಕ್ಟೋಬರ್ 8ರಂದು ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಲೂಯಿ ಲೆ ಶಾಟೆಲಿಯರ್ ಸರ್ಕಾರದ ಗಣಿ ಇಲಾಖೆಯಲ್ಲಿ ಉನ್ನತ ಪದವಿಯಲ್ಲಿದ್ದ ಎಂಜಿನಿಯರು; ರೈಲುದಾರಿ, ಉಕ್ಕು, ಅಲ್ಯೂಮಿನಿಯಂ ಮೊದಲಾದ ಹೊಸ ಉದ್ಯಮಗಳು ಆ ದೇಶದಲ್ಲಿ ಬೇರೂರುವುದಕ್ಕೆ ದುಡಿದವನು. ತಾಯಿ ಲೂಯಿಸ್ ಶಿಸ್ತಿನ ಗೃಹಿಣಿ. ಮಕ್ಕಳು ಬೆಳಗ್ಗೆ ಹೊತ್ತಿಗೆ ಸರಿಯಾಗಿ ಏಳಬೇಕು, ಹಿಡಿದ ಕೆಲಸವನ್ನು ಮುಗಿಸಬೇಕು ಎಂಬ ವಿಷಯಗಳಲ್ಲಿ ಆಕೆ ಸಡಿಲಿಕೆ ಕೊಡುತ್ತಿರಲಿಲ್ಲ. ಮಕ್ಕಳಲ್ಲಿ ಹಿರಿಯನಾದ ಆನ್ರಿಯು ತಾಯಿಯ ಕಟ್ಟುಪಾಡನ್ನು ಮುಂದೆ ಕೃತಜ್ಞತೆಯಿಂದ ನೆನೆದನು. ಮನೆಗೆ ಬರುತ್ತಿದ್ದ ತಂದೆಯ ಮಿತ್ರರಲ್ಲಿ ರಸಾಯನ ವಿಜ್ಞಾನಿ ಸೇಂತ್ ಕ್ಲೇರ್ ದೆವಿಲ್ ಒಬ್ಬನು. ಹೆಚ್ಚಿನ ಶಾಖದಲ್ಲಿ ಸಂಯುಕ್ತವಸ್ತುಗಳು ಭಾಗಶಃ ಒಡೆದು, ಶಾಖ ಇಳಿದೊಡನೆ ಮತ್ತೆ ಕೂಡಿಕೊಳ್ಳುತ್ತವೆ ಎಂಬ ವಿಘಟನೆಯ ಸಂಗತಿಯನ್ನು ಲೋಕಕ್ಕೆ ತೋರಿಸಿದವನು ಆತನೇ. ಆತನ ಪ್ರಯೋಗಶಾಲೆಯಲ್ಲಿ ಕೈಯಾಡಿಸುವ ಭಾಗ್ಯವು ಯುವಕ ಆನ್ರಿಗೆ ದೊರೆಯಿತು. ಅಲ್ಲಿ ಬಿದ್ದ ಬೀಜವು ಮೊಳೆತು ಮರವಾಗುವುದಕ್ಕೆ ಹದಿನೈದು ವರ್ಷಗಳಿಗೂ ಹೆಚ್ಚಿನ ಕಾಲ ಹಿಡಿಯಿತು.

ಸಾಹಿತ್ಯ, ವಿಜ್ಞಾನ ಎರಡರಲ್ಲಿಯೂ ಪರೀಕ್ಷೆಗಳನ್ನು ಮುಗಿಸಿದ ಆನ್ರಿಯು 1869ರಲ್ಲಿ ಪ್ರಸಿದ್ಧವಾದ ಎಕೋಲ್ ಪಾಲಿಟೆಕ್ನಿಕ್ ಎಂಬ ವಿದ್ಯಾಸಂಸ್ಥೆಯನ್ನು ಸೇರಿದನು. ಮರುವರ್ಷವೇ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ತೊಡಗಲು, ಪುಸ್ತಕವನ್ನು ಮಡಿಸಿಟ್ಟು ಪ್ಯಾರಿಸ್ ನಗರದ ರಕ್ಷಣೆಯ ಕಾರ್ಯದಲ್ಲಿ ತೊಡಗಬೇಕಾಯಿತು. ಯುದ್ಧ ಮುಗಿದ ಮೇಲೆ 1871ರಲ್ಲಿ ಗಣಿಶಾಸ್ತ್ರದ ಉನ್ನತ ವಿದ್ಯಾಲಯವಾದ ಎಕೋಲ್ ದೆ ಮೀನ್‌ಗೆ ಸೇರಿ, ತಂದೆಯಂತೆಯೇ ಗಣಿ ಎಂಜಿನಿಯರಾದನು. ಕೆಲವು ಕಾಲ ಬೆಸಾನ್ಸೋ ಎಂಬ ಪ್ರಾಂತ್ಯದ ಪಟ್ಟಣದಲ್ಲಿ ಉದ್ಯೋಗ ನಡೆಸಿ, 1876ರಲ್ಲಿ ಜೆನೆವಿಯೆವ್ ನಿಕೋಲಾ ಎಂಬಾಕೆಯನ್ನು ವಿವಾಹವಾದನು. ಈ ದಂಪತಿಗಳಿಗೆ ಏಳು ಮಂದಿ ಮಕ್ಕಳಾದರು. 1877ರಲ್ಲಿ ತಾನು ಓದಿದ ಗಣಿವಿದ್ಯಾಲಯದಲ್ಲಿಯೇ ರಸಾಯನಶಾಸ್ತ್ರದ ಅಧ್ಯಾಪಕನಾಗಿ ನೇಮಕಗೊಂಡನು. ಅಂದಿನಿಂದ ಆತನ ಬಾಳಿನ ದಾರಿ ನಿಶ್ಚಿತವಾಯಿತು.

ಲೆ ಶಾಟೆಲಿಯರನ ಶೋಧಗಳಿಗೆ ಮೂಲವಾದುದು ಬರಿಯ ತರ್ಕವಲ್ಲ, ಜನರ ಬದುಕಿನ ಕಷ್ಟ. ಆ ಕಾಲದಲ್ಲಿ ಕಲ್ಲಿದ್ದಲಿನ ಗಣಿಗಳಲ್ಲಿ ಮೀಥೇನ್ ಎಂಬ ಅನಿಲವು ಗಾಳಿಯೊಡನೆ ಬೆರೆತು, ಒಂದು ಕಿಡಿ ಸೋಂಕಿದ ಮಾತ್ರಕ್ಕೆ ಸಿಡಿದು, ನೂರಾರು ಕಾರ್ಮಿಕರು ನೆಲದಡಿಯಲ್ಲಿಯೇ ಅಸುನೀಗುತ್ತಿದ್ದರು. ಈ ಅನಾಹುತವನ್ನು ತಡೆಯುವ ಬಗೆಯನ್ನು ಶೋಧಿಸಲು ಫ್ರೆಂಚ್ ಸರ್ಕಾರವು ಒಂದು ಆಯೋಗವನ್ನು ನೇಮಿಸಿತು. ಲೆ ಶಾಟೆಲಿಯರ್ ತನ್ನ ಹಿರಿಯ ಸಹೋದ್ಯೋಗಿ ಮಲ್ಲಾರ್‌ನೊಡನೆ ಕೂಡಿ ಜ್ವಾಲೆಗಳ ವೇಗ, ಅನಿಲಗಳು ಹೊತ್ತಿಕೊಳ್ಳುವ ಉಷ್ಣತೆ, ಸ್ಫೋಟದ ಒತ್ತಡ ಇವುಗಳನ್ನು ಅಳೆಯತೊಡಗಿದನು. ಮೀಥೇನ್ ಮಿಶ್ರಣವು ಸುಮಾರು 650 ಡಿಗ್ರಿ ಉಷ್ಣತೆಯಲ್ಲಿ ಹೊತ್ತಿಕೊಳ್ಳುತ್ತದೆ. ಆದರೆ ತಕ್ಷಣವೇ ಅಲ್ಲ, ಕೆಲವು ಕ್ಷಣಗಳ ಕಾಲ ತಡೆದು ಹೊತ್ತಿಕೊಳ್ಳುತ್ತದೆ ಎಂಬುದನ್ನು ಇಬ್ಬರೂ ಕಂಡುಕೊಂಡರು. ಹಾಗಾದರೆ ಸಿಡಿದೊಡನೆಯೇ ತಣಿಯುವಂತಹ ಸಿಡಿಮದ್ದನ್ನು ಬಳಸಿದರೆ ಗಣಿಯ ಅನಿಲವು ಹೊತ್ತಿಕೊಳ್ಳುವುದಕ್ಕೆ ಅವಕಾಶವೇ ಇರದು. ಈ ಯುಕ್ತಿಯಿಂದ ಗಣಿಗಳಲ್ಲಿ ಬಳಸತಕ್ಕ ಸುರಕ್ಷಿತವಾದ ಸಿಡಿಮದ್ದುಗಳು ರೂಪುಗೊಂಡವು. ಎಷ್ಟೋ ಮನೆಗಳ ದೀಪಗಳು ಆರದೆ ಉಳಿದವು.

ಅದೇ ವರ್ಷಗಳಲ್ಲಿ ಆತನ ಗಮನವು ಗಾರೆ, ಸಿಮೆಂಟುಗಳ ಕಡೆಗೂ ಹರಿಯಿತು. ಕಲಸಿದ ಸಿಮೆಂಟು ಏಕೆ ಗಟ್ಟಿಯಾಗುತ್ತದೆ? ಸುಟ್ಟ ಜಿಪ್ಸಮ್ಮಿನ ಪುಡಿಗೆ ನೀರೆರೆದರೆ ಅದು ಏಕೆ ಕಲ್ಲಾಗುತ್ತದೆ? ಮನೆ ಕಟ್ಟುವ ಗಾರೆಯವನು ಕೇಳಬಹುದಾದ ಈ ಪ್ರಶ್ನೆಗಳಿಗೆ ಆ ತನಕ ಸರಿಯಾದ ಉತ್ತರವಿರಲಿಲ್ಲ. ನೀರು ಬಿದ್ದೊಡನೆ ಪುಡಿಯು ಕರಗುತ್ತದೆ. ಕರಗಿದುದು ನೀರನ್ನು ತನ್ನೊಳಗೆ ಸೇರಿಸಿಕೊಂಡು ಸೂಜಿಯಂತಹ ಹರಳುಗಳಾಗಿ ಹೊರಬರುತ್ತದೆ. ಆ ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಗಟ್ಟಿತನವನ್ನು ತರುತ್ತವೆ ಎಂದು ಲೆ ಶಾಟೆಲಿಯರ್ ಸ್ಪಷ್ಟಪಡಿಸಿದನು. ಸಿಮೆಂಟಿಗೆ ಶಕ್ತಿ ಕೊಡುವ ಮುಖ್ಯ ಘಟಕವು ಸುಣ್ಣ ಮತ್ತು ಸಿಲಿಕಗಳು ಕೂಡಿದ ಒಂದು ವಿಶೇಷ ಸಂಯುಕ್ತವೆಂದು ತೋರಿಸಿ, ಈ ವಿಷಯವಾಗಿ ಬರೆದ ಪ್ರೌಢಪ್ರಬಂಧಕ್ಕಾಗಿ 1887ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು.

ಕುಲುಮೆಯ ಶಾಖವನ್ನು ನಂಬಿಕೆಗೆ ಅರ್ಹವಾಗಿ ಅಳೆಯುವ ಸಾಧನವೂ ಆಗ ಇರಲಿಲ್ಲ. ಪಾದರಸದ ಉಷ್ಣಮಾಪಕವು ಅಂತಹ ಉರಿಯಲ್ಲಿ ನಿಲ್ಲದು. ಶುದ್ಧ ಪ್ಲಾಟಿನಂ ತಂತಿಯನ್ನೂ, ನೂರಕ್ಕೆ 10 ಭಾಗ ರೋಡಿಯಂ ಬೆರೆಸಿದ ಪ್ಲಾಟಿನಂ ತಂತಿಯನ್ನೂ ತುದಿಯಲ್ಲಿ ಬೆಸೆದು, ಆ ಬೆಸುಗೆಯನ್ನು ಕಾಯಿಸಿದಾಗ ಹುಟ್ಟುವ ಅಲ್ಪ ವಿದ್ಯುತ್ತಿನಿಂದ ಉಷ್ಣತೆಯನ್ನು ತಿಳಿಯುವ ಉಪಕರಣವನ್ನು ಆತನು ಪರಿಷ್ಕರಿಸಿ ನಿಖರಗೊಳಿಸಿದನು. ಇಂದಿಗೂ ಉಕ್ಕು, ಗಾಜುಗಳ ಕಾರ್ಖಾನೆಗಳಲ್ಲಿ ಇಂತಹ ತಂತಿಜೋಡಿಗಳು ಬಳಕೆಯಲ್ಲಿವೆ. ಅಳತೆ ಮಾಡಲಾಗದುದನ್ನು ಕುರಿತು ವಾದ ಮಾಡುವುದಕ್ಕಿಂತ ಅಳತೆಯ ಕೋಲನ್ನು ಮೊದಲು ಸಿದ್ಧಪಡಿಸಿಕೊಳ್ಳುವುದು ಆತನ ಪದ್ಧತಿಯಾಗಿತ್ತು.

ಗಣಿಯ ಸ್ಫೋಟ, ಸುಣ್ಣದ ಸುಡುವಿಕೆ, ಕುಲುಮೆಯ ಉರಿ ಇವೆಲ್ಲವೂ ಹೊರನೋಟಕ್ಕೆ ಬೇರೆಬೇರೆಯಾದ ವಿಷಯಗಳು. ಆದರೆ ಇವೆಲ್ಲದರ ಒಳಗೆ ಒಂದೇ ಪ್ರಶ್ನೆ ಅಡಗಿರುವುದನ್ನು ಲೆ ಶಾಟೆಲಿಯರ್ ಕಂಡನು. ರಾಸಾಯನಿಕ ಕ್ರಿಯೆಗಳಲ್ಲಿ ಹಲವು ಹಿಂದುಮುಂದಾಗಿ ನಡೆಯತಕ್ಕವು. ಮೂಲವಸ್ತುಗಳು ಕೂಡಿ ಹೊಸ ವಸ್ತುವಾಗುತ್ತಿರುವಾಗಲೇ ಹೊಸ ವಸ್ತುವು ಒಡೆದು ಮೂಲವಸ್ತುಗಳಾಗುತ್ತಲೂ ಇರುತ್ತದೆ. ಎರಡು ಕ್ರಿಯೆಗಳ ವೇಗವೂ ಸಮನಾದಾಗ ಹೊರಗೆ ಯಾವ ಬದಲಾವಣೆಯೂ ತೋರದು. ಇದಕ್ಕೆ ರಾಸಾಯನಿಕ ಸಮತೋಲನವೆಂದು ಹೆಸರು. ಹಿರೇನಲ್ಲೂರಿನಂತಹ ಊರಿನಲ್ಲಿ ಜಾತ್ರೆ ನೆರೆದ ದಿನವನ್ನು ನೆನೆದರೆ ಇದರ ಸ್ವರೂಪ ತಿಳಿಯುತ್ತದೆ. ಗುಡಿಯ ಅಂಗಳದಿಂದ ಅಂಗಡಿಬೀದಿಗೆ ಎಷ್ಟು ಜನ ಹೋಗುತ್ತಾರೋ, ಅಂಗಡಿಬೀದಿಯಿಂದ ಅಂಗಳಕ್ಕೆ ಅಷ್ಟೇ ಜನ ಬರುತ್ತಾರೆ. ಎರಡೆಡೆಗಳ ಜನಸಂದಣಿಯೂ ಇದ್ದಂತೆಯೇ ಇರುತ್ತದೆ. ಆದರೆ ನಿಂತಲ್ಲಿಯೇ ನಿಂತವರು ಯಾರೂ ಇಲ್ಲ. ಹೊತ್ತೇರಿ ಅಂಗಡಿಬೀದಿಯಲ್ಲಿ ಬಿಸಿಲು ಸುಡತೊಡಗಿದರೆ, ಚಪ್ಪರದ ನೆರಳಿರುವ ಅಂಗಳಕ್ಕೆ ಬರುವವರು ಹೆಚ್ಚಿ, ಅಲ್ಲಿಂದ ಹೊರಡುವವರು ಕಡಮೆಯಾಗುತ್ತಾರೆ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಇಕ್ಕಟ್ಟಾಗಿ, ಹೋಗುವವರೂ ಬರುವವರೂ ಮತ್ತೆ ಸಮನಾಗುತ್ತಾರೆ. ಆದರೆ ಹೊಸ ಸಮತೋಲನದಲ್ಲಿ ಅಂಗಳದ ಕಡೆಗೆ ಜನ ಹೆಚ್ಚು.

ಹೊರಗಿನ ಸ್ಥಿತಿಗಳು ಬದಲಾದಾಗ ಸಮತೋಲನವು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮುಂದಾಗಿ ಹೇಳಲು ಸಾಧ್ಯವೇ? 1884ರಲ್ಲಿ ಡಚ್ ವಿಜ್ಞಾನಿ ವಾಂಟ್ ಹಾಫ್ ಉಷ್ಣತೆಯೊಂದರ ಮಟ್ಟಿಗೆ ಇದಕ್ಕೆ ಉತ್ತರ ಕೊಟ್ಟಿದ್ದನು. ಅದೇ ವರ್ಷ ಲೆ ಶಾಟೆಲಿಯರ್ ಆ ಉತ್ತರವನ್ನು ವಿಸ್ತರಿಸಿ, ಒತ್ತಡ, ಸಾಂದ್ರತೆಗಳಿಗೂ ಅನ್ವಯವಾಗುವ ವ್ಯಾಪಕವಾದ ನಿಯಮವನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. 1888ರಲ್ಲಿ ಅದನ್ನು ಇನ್ನೂ ಸರಳವಾಗಿ ನಿರೂಪಿಸಿದನು. ಅದರ ಸಾರವು ಇಷ್ಟು: ಸಮತೋಲನದಲ್ಲಿರುವ ವ್ಯವಸ್ಥೆಯ ಉಷ್ಣತೆಯನ್ನಾಗಲಿ, ಒತ್ತಡವನ್ನಾಗಲಿ, ಘಟಕಗಳ ಸಾಂದ್ರತೆಯನ್ನಾಗಲಿ ಬದಲಾಯಿಸಿದರೆ, ಆ ಬದಲಾವಣೆಯ ಪರಿಣಾಮವನ್ನು ಕಡಮೆ ಮಾಡುವ ದಿಕ್ಕಿಗೆ ಸಮತೋಲನವು ಸರಿಯುತ್ತದೆ. ಕಾಯಿಸಿದರೆ ಶಾಖವನ್ನು ಹೀರುವ ಕ್ರಿಯೆ ಮುಂದುವರಿಯುತ್ತದೆ. ತಣಿಸಿದರೆ ಶಾಖವನ್ನು ಹೊರಸೂಸುವ ಕ್ರಿಯೆ ಮುಂದುವರಿಯುತ್ತದೆ. ಅನಿಲಗಳನ್ನು ಅದುಮಿದರೆ ಕಡಮೆ ಅನಿಲವನ್ನುಂಟುಮಾಡುವ ಕ್ರಿಯೆಯ ಕೈ ಮೇಲಾಗುತ್ತದೆ. ಹುಟ್ಟಿದ ವಸ್ತುವನ್ನು ಹೊರತೆಗೆಯುತ್ತಿದ್ದರೆ ಅದನ್ನು ಹುಟ್ಟಿಸುವ ಕ್ರಿಯೆ ಮುನ್ನಡೆಯುತ್ತದೆ.

ಈ ನಿಯಮಕ್ಕೆ ಉದಾಹರಣೆಗಳನ್ನು ಅರಸಿ ದೂರ ಹೋಗಬೇಕಾಗಿಲ್ಲ. ಗೋಲಿಸೋಡದ ಬಾಟಲಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಅನಿಲವು ಒತ್ತಡದಿಂದ ನೀರಿನಲ್ಲಿ ಕರಗಿರುತ್ತದೆ. ಗೋಲಿಯನ್ನು ಒಳಕ್ಕೆ ಒತ್ತಿದ ಕೂಡಲೆ ಒತ್ತಡ ಇಳಿದು, ಕರಗಿದ ಅನಿಲವು ಬುರುಬುರು ಎಂದು ಮೇಲಕ್ಕೆ ಬರುತ್ತದೆ. ಅನಿಲವು ಕರಗುವಾಗ ಶಾಖ ಹೊರಬೀಳುವುದರಿಂದ ಬಿಸಿಲಿಗಿಟ್ಟ ಸೋಡದಲ್ಲಿ ಅನಿಲವು ನಿಲ್ಲದು. ತಣ್ಣಗಿರಿಸಿದ ಸೋಡದಲ್ಲಿ ಹೆಚ್ಚು ನಿಲ್ಲುತ್ತದೆ. ಸುಣ್ಣದ ಗೂಡನ್ನು ನೋಡಿದರೆ ಸಾಂದ್ರತೆಯ ಪ್ರಭಾವ ತಿಳಿಯುತ್ತದೆ. ಸುಣ್ಣದ ಕಲ್ಲನ್ನು ಸುಟ್ಟಾಗ ಅದು ಸುಟ್ಟ ಸುಣ್ಣವಾಗಿಯೂ ಇಂಗಾಲದ ಡೈ ಆಕ್ಸೈಡ್ ಆಗಿಯೂ ಒಡೆಯುತ್ತದೆ. ಅದೇ ಕಲ್ಲನ್ನು ಬಾಯಿ ಮುಚ್ಚಿದ ಗಟ್ಟಿ ಪಾತ್ರೆಯಲ್ಲಿ ಕಾಯಿಸಿದರೆ, ಹೊರಟ ಅನಿಲವು ಅಲ್ಲಿಯೇ ತುಂಬಿ, ಆ ಉಷ್ಣತೆಗೆ ತಕ್ಕ ಒಂದು ಒತ್ತಡವನ್ನು ಮುಟ್ಟಿದ ಮೇಲೆ ಸುಣ್ಣದೊಡನೆ ಮರಳಿ ಕೂಡುತ್ತಿರುತ್ತದೆ. ಕಲ್ಲು ಪೂರ್ತಿಯಾಗಿ ಬೇಯದು. ಗೂಡಿನ ಗಾಳಿಯ ಸೆಳೆತವು ಅನಿಲವನ್ನು ಕ್ಷಣಕ್ಷಣಕ್ಕೂ ಹೊತ್ತೊಯ್ಯುವುದರಿಂದಲೇ ಕಲ್ಲೆಲ್ಲ ಸುಣ್ಣವಾಗುತ್ತದೆ. ಗೂಡಿಗೆ ಗಾಳಿಗಂಡಿ ಬಿಡಬೇಕೆಂದು ಸುಣ್ಣ ಸುಡುವವರು ತಲೆತಲಾಂತರದಿಂದ ಬಲ್ಲರು. ಅದು ಉರಿಗೆ ಮಾತ್ರವಲ್ಲ, ಸಮತೋಲನವನ್ನು ಮುರಿಯುವುದಕ್ಕೂ ಬೇಕೆಂಬುದನ್ನು ಲೆ ಶಾಟೆಲಿಯರನ ನಿಯಮವು ತಿಳಿಸಿಕೊಡುತ್ತದೆ. ಆತನು ತನ್ನ ತಂತಿಜೋಡಿಯ ಉಷ್ಣಮಾಪಕವನ್ನು ಬಳಸಿ 1886ರಲ್ಲಿ ಇದೇ ಸುಣ್ಣದ ಕಲ್ಲಿನ ವಿಘಟನೆಯ ಒತ್ತಡವನ್ನು ಅಳೆದನು.

ಇನ್ನು ಊದುಕುಲುಮೆಯ ವಿಷಯ. ಕುಲುಮೆಯಲ್ಲಿ ಇದ್ದಲು ಅಥವಾ ಕೋಕ್ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಡೈ ಆಕ್ಸೈಡ್ ಆಗುತ್ತದೆ, ಉಳಿದುದು ಕಬ್ಬಿಣ. ಆದರೆ ಕುಲುಮೆಯ ಬಾಯಿಂದ ಹೊರಡುವ ಅನಿಲದಲ್ಲಿ ಉಪಯೋಗಕ್ಕೆ ಬಾರದ ಮಾನಾಕ್ಸೈಡ್ ಹೇರಳವಾಗಿ ಉಳಿದಿರುತ್ತಿತ್ತು. ಇದು ಇಂಧನದ ವ್ಯರ್ಥವ್ಯಯವೆಂದು ಹತ್ತೊಂಬತ್ತನೆಯ ಶತಮಾನದ ಕಬ್ಬಿಣದ ಉದ್ಯಮಿಗಳು ಮರುಗಿದರು. ಅನಿಲಕ್ಕೂ ಅದಿರಿಗೂ ಸಾಕಷ್ಟು ಹೊತ್ತು ಸಂಪರ್ಕ ದೊರೆಯದಿರುವುದೇ ಇದಕ್ಕೆ ಕಾರಣವೆಂದು ಬಗೆದು, ಕುಲುಮೆಗಳನ್ನು ಎತ್ತರ ಎತ್ತರವಾಗಿ ಕಟ್ಟಿಸತೊಡಗಿದರು. ಇಂಗ್ಲೆಂಡಿನಲ್ಲಿ ಕುಲುಮೆಯ ಎತ್ತರವು 30 ಮೀಟರುಗಳನ್ನು ಮುಟ್ಟಿತು. ಹಣ ನೀರಿನಂತೆ ಹರಿಯಿತು. ಹೊರಡುವ ಅನಿಲದಲ್ಲಿ ಮಾನಾಕ್ಸೈಡಿನ ಪ್ರಮಾಣ ಮಾತ್ರ ಇಳಿಯಲಿಲ್ಲ. ಅದು ಕಟ್ಟಡದ ದೋಷವಲ್ಲ, ಸಮತೋಲನದ ಎಲ್ಲೆ ಎಂಬುದನ್ನು ಲೆ ಶಾಟೆಲಿಯರ್ ಎತ್ತಿ ತೋರಿಸಿದನು. ಅದಿರಿನಿಂದ ಆಮ್ಲಜನಕವನ್ನು ಸೆಳೆಯುವ ಕ್ರಿಯೆಯು ಹಿಂದಕ್ಕೂ ನಡೆಯತಕ್ಕದ್ದು. ಒಂದು ನಿಯತ ಪ್ರಮಾಣದ ಮಾನಾಕ್ಸೈಡ್ ಉಳಿದೇ ತೀರಬೇಕು. ಎಷ್ಟು ಹೊತ್ತು ಕಾದರೂ, ಎಷ್ಟು ಎತ್ತರ ಕಟ್ಟಿದರೂ ಆ ಎಲ್ಲೆಯನ್ನು ದಾಟಲಾಗದು. ಲಕ್ಷಾಂತರ ಫ್ರಾಂಕುಗಳನ್ನು ಸುರಿದು ಕಲಿತ ಈ ಪಾಠವನ್ನು ನಿಯಮ ಬಲ್ಲವನು ಕಾಗದದ ಮೇಲೆಯೇ ಕಲಿಯಬಹುದಾಗಿತ್ತೆಂದು ಆತನು ತನ್ನ ಶಿಷ್ಯರಿಗೆ ಬೋಧಿಸುತ್ತಿದ್ದನು. ಉಳಿದ ಅನಿಲವನ್ನು ಹಿಡಿದು ಬೇರೆ ಕಡೆ ಉರಿಸಿ, ಕುಲುಮೆಗೆ ಊದುವ ಗಾಳಿಯನ್ನು ಕಾಯಿಸಿಕೊಳ್ಳುವುದೇ ಜಾಣತನ. ಲೋಕದ ಊದುಕುಲುಮೆಗಳೆಲ್ಲ ಹಿಡಿದ ದಾರಿ ಅದೇ.

ತನ್ನ ನಿಯಮವನ್ನು ಕುರಿತು ಲೆ ಶಾಟೆಲಿಯರ್ ಅಹಂಕಾರಪಡಲಿಲ್ಲ. ಅಮೆರಿಕದ ವಿಲಾರ್ಡ್ ಗಿಬ್ಸ್ ಎಂಬ ಮಹಾಮೇಧಾವಿಯು 1870ರ ದಶಕದಲ್ಲಿಯೇ ಸಮತೋಲನದ ಸಮಗ್ರ ಗಣಿತವನ್ನು ರಚಿಸಿದ್ದನು. ಆದರೆ ಆ ಬರಹವು ಕಠಿನವಾಗಿದ್ದುದರಿಂದಲೂ, ಯುರೋಪಿನವರು ಅಷ್ಟಾಗಿ ನೋಡದ ಒಂದು ಪತ್ರಿಕೆಯಲ್ಲಿ ಅಚ್ಚಾದುದರಿಂದಲೂ ಬಹುಕಾಲ ಅಜ್ಞಾತವಾಗಿ ಉಳಿದಿತ್ತು. ತಾನು ಕಷ್ಟಪಟ್ಟು ಕಂಡುಕೊಂಡ ನಿಯಮದ ಬೇರು ಮತ್ತೊಬ್ಬನ ತೋಟದಲ್ಲಿ ಮೊದಲೇ ಇಳಿದಿದೆ ಎಂದು ತಿಳಿದಾಗ ಆತನು ಅದನ್ನು ಮರೆಮಾಡಲಿಲ್ಲ. ಗಿಬ್ಸ್‌ನ ಗ್ರಂಥವನ್ನು ತಾನೇ ಫ್ರೆಂಚ್ ಭಾಷೆಗೆ ಅನುವಾದಿಸಿ 1899ರಲ್ಲಿ ಪ್ರಕಟಿಸಿದನು. ಜರ್ಮನಿಯ ಬ್ರೌನ್ ಎಂಬ ಭೌತವಿಜ್ಞಾನಿಯೂ 1887ರಲ್ಲಿ ಸ್ವತಂತ್ರವಾಗಿ ಇದೇ ನಿಯಮವನ್ನು ಹೇಳಿದ್ದುದರಿಂದ ಕೆಲವು ಗ್ರಂಥಗಳಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಕಾಣುತ್ತವೆ.

ಇಷ್ಟೆಲ್ಲ ಸಾಧಿಸಿದವನಿಗೆ ಮನ್ನಣೆಯು ಬೇಗನೆ ಒಲಿಯಲಿಲ್ಲ. ತಾನು ಓದಿದ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕ ಪೀಠವನ್ನು ಬಯಸಿದರೂ ದೊರೆಯಲಿಲ್ಲ. ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ನಿಂತು ಹಲವು ಬಾರಿ ಸೋತನು. 1898ರಲ್ಲಿ ಕೊಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕನಾದನು. 1907ರಲ್ಲಿ ಮ್ವಾಸಾನ್ ಎಂಬ ವಿಖ್ಯಾತ ರಸಾಯನ ವಿಜ್ಞಾನಿಯ ಮರಣಾನಂತರ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಆತನ ಸ್ಥಾನವೂ, ಅದೇ ವರ್ಷ ಅಕಾಡೆಮಿಯ ಸದಸ್ಯತ್ವವೂ ದೊರೆತವು. ಆಗ ಆತನಿಗೆ 56 ವರ್ಷ ವಯಸ್ಸು. ನಡುವಣ ಸೋಲುಗಳಿಂದ ಆತನ ದುಡಿಮೆಯೇನೂ ಕುಂದಲಿಲ್ಲ. ಅಸಿಟಿಲೀನ್ ಅನಿಲವನ್ನು ಆಮ್ಲಜನಕದೊಡನೆ ಉರಿಸಿದರೆ 3000 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಹುಟ್ಟುತ್ತದೆಂದು 1895ರಲ್ಲಿ ತೋರಿಸಿದವನು ಆತನೇ. ಇಂದು ಊರೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣವನ್ನು ಬೆಸೆಯುವ ಗ್ಯಾಸಿನ ನೀಲಿ ಜ್ವಾಲೆಯು ಆ ಶೋಧದ ಸಂತತಿ.

ಆದರೆ ಆತನ ಬಾಳಿನ ಅತಿ ದೊಡ್ಡ ಸೋಲು ಬಂದುದು ಪದವಿಗಳ ವಿಷಯದಲ್ಲಲ್ಲ, ತನ್ನದೇ ನಿಯಮದ ಪ್ರಯೋಗದಲ್ಲಿ. ಪೈರಿಗೆ ಸಾರಜನಕ ಬೇಕು. ಗಾಳಿಯ ಐದು ಭಾಗಗಳಲ್ಲಿ ಹೆಚ್ಚುಕಡಮೆ ನಾಲ್ಕು ಭಾಗ ಸಾರಜನಕವೇ ಆಗಿದ್ದರೂ ಪೈರು ಅದನ್ನು ನೇರವಾಗಿ ಉಣ್ಣಲಾರದು. ಅದನ್ನು ಜಲಜನಕದೊಡನೆ ಕೂಡಿಸಿ ಅಮೋನಿಯ ಮಾಡಿದರೆ ಗೊಬ್ಬರವಾಗುತ್ತದೆ. ಒಂದು ಪಾಲು ಸಾರಜನಕವೂ ಮೂರು ಪಾಲು ಜಲಜನಕವೂ ಕೂಡಿದಾಗ ಎರಡು ಪಾಲು ಅಮೋನಿಯ ಹುಟ್ಟುತ್ತದೆ. ಅಂದರೆ ನಾಲ್ಕು ಪಾಲು ಅನಿಲವು ಎರಡು ಪಾಲಾಗುತ್ತದೆ. ಜೊತೆಗೆ ಶಾಖವೂ ಹೊರಬೀಳುತ್ತದೆ. ಲೆ ಶಾಟೆಲಿಯರನ ನಿಯಮವನ್ನು ಇದಕ್ಕೆ ಅನ್ವಯಿಸಿದರೆ ದಾರಿ ಬೆಳಕಿನಷ್ಟು ಸ್ಪಷ್ಟ. ಒತ್ತಡವನ್ನು ಹೆಚ್ಚಿಸಬೇಕು, ಉಷ್ಣತೆಯನ್ನು ಆದಷ್ಟು ತಗ್ಗಿಸಬೇಕು, ಹುಟ್ಟಿದ ಅಮೋನಿಯವನ್ನು ಆಗಿಂದಾಗ್ಗೆ ಹೊರತೆಗೆಯಬೇಕು.

1901ರಲ್ಲಿ ಆತನು ಈ ಪ್ರಯೋಗಕ್ಕೆ ಕೈಯಿಕ್ಕಿದನು. ಸಾರಜನಕ, ಜಲಜನಕಗಳ ಮಿಶ್ರಣವನ್ನು ಸುಮಾರು 200 ವಾಯುಮಂಡಲಗಳ ಒತ್ತಡದಲ್ಲಿ, 600 ಡಿಗ್ರಿ ಉಷ್ಣತೆಯಲ್ಲಿ, ಕಬ್ಬಿಣದ ಸನ್ನಿಧಿಯಲ್ಲಿ ಕೂಡಿಸಲು ಹವಣಿಸಿದನು. ಉಪಕರಣವು ಭೀಕರವಾಗಿ ಸಿಡಿಯಿತು. ಸಹಾಯಕನು ಕೂದಲೆಳೆಯಷ್ಟರಲ್ಲಿ ಪ್ರಾಣಾಪಾಯದಿಂದ ಪಾರಾದನು. ಗಣಿಯ ಸ್ಫೋಟಗಳಿಂದ ಕಾರ್ಮಿಕರನ್ನು ಕಾಪಾಡಲು ವರ್ಷಗಟ್ಟಲೆ ದುಡಿದವನ ಕಣ್ಣೆದುರಿನಲ್ಲಿಯೇ ಇಂತಹ ಅಪಘಾತವು ನಡೆದುದು ಆತನ ಮನಸ್ಸನ್ನು ಎಷ್ಟು ಕದಡಿತೋ ಊಹಿಸಬಹುದು. ಆತನು ಆ ಪ್ರಯೋಗವನ್ನು ಅಲ್ಲಿಗೇ ಕೈಬಿಟ್ಟನು. ಅನಂತರ ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ದೋಷವು ನಿಯಮದಲ್ಲಿರಲಿಲ್ಲ, ವಿಧಾನದಲ್ಲಿಯೂ ಇರಲಿಲ್ಲ. ಉಪಕರಣದೊಳಗೆ ಸ್ವಲ್ಪ ಗಾಳಿ ಉಳಿದುಹೋಗಿತ್ತು. ಅದರ ಆಮ್ಲಜನಕವು ಜಲಜನಕದೊಡನೆ ಕೂಡಿ ಸಿಡಿದಿತ್ತು.

ಜರ್ಮನಿಯ ಫ್ರಿಟ್ಸ್ ಹಾಬರ್ ಅದೇ ದಾರಿಯಲ್ಲಿ ನಡೆದು 1909ರಲ್ಲಿ ಅಮೋನಿಯವನ್ನು ಹನಿಹನಿಯಾಗಿ ಇಳಿಸಿ ತೋರಿಸಿದನು. ಕಾರ್ಲ್ ಬಾಷ್ ಅದನ್ನು ಬೃಹತ್ತಾದ ಉದ್ಯಮವನ್ನಾಗಿ ಬೆಳೆಸಲು, 1913ರಲ್ಲಿ ಒಪ್ಪಾವ್ ಎಂಬಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಮತೋಲನದ ನಿಯಮವು ದಿಕ್ಕನ್ನು ಹೇಳುತ್ತದೆ, ವೇಗವನ್ನು ಹೇಳದು. 200 ವಾಯುಮಂಡಲಗಳ ಒತ್ತಡದಲ್ಲಿ 400 ಡಿಗ್ರಿ ಉಷ್ಣತೆಯಿದ್ದರೆ ಸಮತೋಲನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಮೋನಿಯವಿರುತ್ತದೆ. 500 ಡಿಗ್ರಿಗೆ ಏರಿಸಿದರೆ ಐದನೆಯ ಒಂದು ಭಾಗಕ್ಕಿಂತ ಕಡಮೆಯಾಗುತ್ತದೆ. ಹಾಗೆಂದು ಉಷ್ಣತೆಯನ್ನು ತೀರ ತಗ್ಗಿಸಿದರೆ ಕ್ರಿಯೆಯು ಆಮೆಯ ನಡೆಯಾಗಿ, ಫಲವನ್ನು ಕಾಣುವುದಕ್ಕೆ ಆಯುಷ್ಯವೇ ಸಾಲದು. ಆದ್ದರಿಂದ ಕಬ್ಬಿಣವನ್ನು ವೇಗವರ್ಧಕವಾಗಿ ಬಳಸಿ, ನಡುವಣ ಉಷ್ಣತೆಯೊಂದನ್ನು ಆರಿಸಿಕೊಂಡು, ಹುಟ್ಟಿದಷ್ಟು ಅಮೋನಿಯವನ್ನು ತಣಿಸಿ ಹೊರತೆಗೆದು, ಉಳಿದ ಅನಿಲವನ್ನು ಮತ್ತೆ ಮತ್ತೆ ಕುಲುಮೆಗೆ ತಿರುಗಿಸುವ ಕ್ರಮವು ರೂಢಿಗೆ ಬಂದಿತು. ವೇಗವರ್ಧಕವು ಮುಂದಿನ ಹಿಂದಿನ ಕ್ರಿಯೆಗಳೆರಡನ್ನೂ ಸಮನಾಗಿ ಚುರುಕುಗೊಳಿಸುತ್ತದೆಯಲ್ಲದೆ ಸಮತೋಲನದ ಸ್ಥಾನವನ್ನು ಕದಲಿಸದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಈ ವಿದ್ಯೆಯು ಕನ್ನಡ ನಾಡಿಗೂ ಬಂದಿತು. ಮೈಸೂರಿನ ಬಳಿಯ ಬೆಳಗೊಳದಲ್ಲಿ 1930ರ ದಶಕದಲ್ಲಿ ಸ್ಥಾಪನೆಗೊಂಡ ರಸಗೊಬ್ಬರದ ಕಾರ್ಖಾನೆಯು ಭಾರತದಲ್ಲಿ ಅಮೋನಿಯ ಸಂಶ್ಲೇಷಣೆಗೆ ಕೈಯಿಟ್ಟ ಮೊದಮೊದಲಿನ ಕಾರ್ಖಾನೆಗಳಲ್ಲಿ ಒಂದು. ಮಂಗಳೂರಿನ ಪಣಂಬೂರಿನ ಕಾರ್ಖಾನೆಯು 1976ರಲ್ಲಿ ಅಮೋನಿಯವನ್ನೂ ಅದರಿಂದ ಯೂರಿಯವನ್ನೂ ತಯಾರಿಸತೊಡಗಿತು. ಕಡೂರು ಸೀಮೆಯ ರೈತನು ರಾಗಿಯ ಹೊಲಕ್ಕೆ ಎರಚುವ ಯೂರಿಯದ ಹಿಡಿಯಲ್ಲಿ ಗಾಳಿಯಿಂದ ಇಳಿದುಬಂದ ಸಾರಜನಕವಿದೆ. ಅದನ್ನು ಇಳಿಸುವ ದಾರಿಗೆ ಮೊದಲ ಕೈಮರವನ್ನು ನೆಟ್ಟವನು ಲೆ ಶಾಟೆಲಿಯರ್.

ಗುರಿಯ ಬಾಗಿಲಿನವರೆಗೂ ಹೋಗಿ ಹಿಂದಿರುಗಿದ ಆ ಸಂಗತಿಯನ್ನು ಆತನು ಮುಚ್ಚಿಡಬಹುದಾಗಿತ್ತು. ಉಪಕರಣದ ಮೇಲೋ ಸಹಾಯಕನ ಮೇಲೋ ಹೊರೆ ಹೊರಿಸಬಹುದಾಗಿತ್ತು. ಆತನು ಹಾಗೆ ಮಾಡಲಿಲ್ಲ. ಅಮೋನಿಯದ ಶೋಧವು ತನ್ನ ಕೈಯಿಂದಲೇ ಜಾರಿಹೋಯಿತೆಂದೂ, ತನ್ನ ವೈಜ್ಞಾನಿಕ ಜೀವನದಲ್ಲಿ ತಾನು ಎಸಗಿದ ಪ್ರಮಾದಗಳಲ್ಲೆಲ್ಲ ಅದೇ ದೊಡ್ಡದೆಂದೂ ಬಾಳಿನ ಕೊನೆಯ ಕಾಲದಲ್ಲಿ ಬರೆದಿಟ್ಟನು. ಎಂಬತ್ತೈದರ ವಯಸ್ಸಿನಲ್ಲಿ, ಕೀರ್ತಿಯ ಶಿಖರದಲ್ಲಿ ಕುಳಿತವನು, ಯಾರೂ ಕೇಳದಿದ್ದರೂ, ಮುಂದಿನವರು ಎಡವದಿರಲೆಂದು ತನ್ನ ತಪ್ಪನ್ನು ತಾನೇ ದಾಖಲು ಮಾಡಿದನು. ಆತನ ಶೋಧಗಳಷ್ಟೇ ಈ ಒಪ್ಪಿಗೆಯೂ ಆದರಣೀಯವಾದುದು.

ಮೊದಲ ಮಹಾಯುದ್ಧದ ಅನಂತರವೂ ಆತನ ದುಡಿಮೆ ನಿಲ್ಲಲಿಲ್ಲ. ಲೋಹಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿದ್ಯೆಯನ್ನು ಬೆಳೆಸಿದವರಲ್ಲಿ ಆತನೂ ಒಬ್ಬನು. ಲೋಹಶಾಸ್ತ್ರಕ್ಕಾಗಿಯೇ 1904ರಲ್ಲಿ ಒಂದು ಪತ್ರಿಕೆಯನ್ನು ಸ್ಥಾಪಿಸಿದ್ದನು. ವಿಜ್ಞಾನಿಯು ಕಾರ್ಖಾನೆಯನ್ನು ಕೀಳಾಗಿ ಕಾಣಬಾರದು, ಕಾರ್ಖಾನೆಯವನು ವಿಜ್ಞಾನವನ್ನು ದೂರವಿಡಬಾರದು ಎಂಬುದು ಆತನ ಜೀವನದ ನಿಲುವಾಗಿತ್ತು. ಇಂಗ್ಲೆಂಡಿನ ರಾಯಲ್ ಸೊಸೈಟಿಯು 1913ರಲ್ಲಿ ಆತನನ್ನು ವಿದೇಶೀ ಸದಸ್ಯನನ್ನಾಗಿ ಆರಿಸಿ, 1916ರಲ್ಲಿ ಡೇವಿ ಪದಕವನ್ನಿತ್ತು ಗೌರವಿಸಿತು. 1936ರಲ್ಲಿ ಮದುವೆಯ ಅರುವತ್ತನೆಯ ವರ್ಷದ ಸಂಭ್ರಮವನ್ನು ಮಕ್ಕಳು ಮೊಮ್ಮಕ್ಕಳ ನಡುವೆ ಕಂಡು, ಅದೇ ವರ್ಷದ ಸೆಪ್ಟೆಂಬರ್ 17ರಂದು ಮಿರಿಬೆಲ್ ಲೆ ಎಶೆಲ್ ಎಂಬ ಊರಿನಲ್ಲಿ ಕಣ್ಮುಚ್ಚಿದನು.

ಶರಣರು ಕಾಯಕವೇ ಕೈಲಾಸವೆಂದು ಬಾಳಿ ತೋರಿದ ಈ ನಾಡಿನಲ್ಲಿ ಲೆ ಶಾಟೆಲಿಯರನ ಜೀವನವು ಪರಕೀಯವೆನಿಸದು. ಗಣಿಯವನ ಪ್ರಾಣ, ಗಾರೆಯವನ ಸಂದೇಹ, ಕುಲುಮೆಯವನ ನಷ್ಟ ಇವುಗಳನ್ನು ತನ್ನವೆಂದು ಭಾವಿಸಿ ದುಡಿದವನಿಗೆ ಪ್ರಕೃತಿಯ ಒಂದು ವ್ಯಾಪಕ ನಿಯಮವು ತಾನಾಗಿ ಮೈದೋರಿತು. ನಿಯಮವನ್ನು ಬಲ್ಲವನೂ ಒಂದು ತೊಟ್ಟು ಗಾಳಿಯ ವಿಷಯದಲ್ಲಿ ಎಚ್ಚರ ತಪ್ಪಿದರೆ ಸೋಲುತ್ತಾನೆಂಬುದನ್ನೂ, ಸೋತವನು ಸತ್ಯವನ್ನು ಮರೆಮಾಡದಿದ್ದರೆ ಆ ಸೋಲೂ ಲೋಕಕ್ಕೆ ಪಾಠವಾಗುತ್ತದೆಂಬುದನ್ನೂ ಆತನ ಚರಿತ್ರೆ ತಿಳಿಸುತ್ತದೆ. ಪ್ರಯೋಗಶಾಲೆಯಲ್ಲಿ ನಾಳಗಳನ್ನು ಜೋಡಿಸುವ ವಿದ್ಯಾರ್ಥಿಯು ಬೆಂಕಿ ಹಚ್ಚುವ ಮೊದಲು ಜೋಡಣೆಯೊಳಗೆ ಗಾಳಿ ಉಳಿದಿದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಂಡರೆ, ಆ ಹಿರಿಯನಿಗೆ ಸಲ್ಲತಕ್ಕ ಗೌರವವು ಸಂದಂತಾಗುತ್ತದೆ.